ಬುಗುರಿ ಮಾಡಿದ್ರೆ ರಿಸರ್ಚ್ ಆಗಲ್ವಂತೆ!

ನಮಸ್ಕಾರ. ಇವತ್ತು ಕನ್ನಡ ಫಾಂಟ್‌ಗಳ ಬಗ್ಗೆ ಮಾತಾಡ್ಬೇಕಿತ್ತು, ಅದು ಮುಂದಿನ ವಾರ. ಯಾಕಂದ್ರೆ ಹಿಂದಿನ ವಿಡಿಯೋ ಕೆಳಗೆ ಒಬ್ರು ಬರೆದಿದಾರೆ: "ಸರ್, ಲೇತ್ ಮುಂದೆ ಕೂತು ಬುಗುರಿ ಮಾಡೋದು ಕಸುಬು, ರಿಸರ್ಚ್ ಅಲ್ಲ." ಜೊತೆಗೆ ಕೈಮುಗಿಯೋ ಇಮೋಜಿ ಬೇರೆ. ಕಾಫಿ ನೆತ್ತಿಗೇರ್ತು ನನಗೆ.

ಕೇಳಿ. ನಾನು ಪಾಠ ಮಾಡ್ತಿದ್ದಾಗ ಒಬ್ಳು ಹುಡುಗಿ ಚನ್ನಪಟ್ಟಣಕ್ಕೆ ಹೋಗಿ ಕೂತ್ಲು. ಕಣ್ಣು ಕಾಣದ ಮಕ್ಕಳಿಗೆ ಬುಗುರಿ ತಿರುಗ್ತಿದೆಯೋ ಬಿತ್ತೋ ಕಿವಿಯಿಂದ್ಲೇ ಗೊತ್ತಾಗ್ಬೇಕು, ಅದು ಅವಳ ಪ್ರಶ್ನೆ. ಆಲೆ ಮರದ ತುಂಡು, ಒಳಗೆ ಟೊಳ್ಳು, ಪಕ್ಕದಲ್ಲೊಂದು ತೂತು. ಗುಂಯ್ ಅಂತು! ಆಮೇಲೆ ಅಲ್ಲಿನ ಕಸುಬುದಾರರು ಬಣ್ಣದ ಅರಗಿನ ಕಡ್ಡಿ ಒತ್ತಿದ್ರು. ತಿರುಗೋ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತಲ್ಲ, ಹಾಗೇ ತೂತಿನ ಅಂಚಿಗೂ ಹತ್ತಿ ಬುಗುರಿ ಮೂಕಾಯ್ತು. ಅವಳ ನೋಟ್‌ಬುಕ್‌ನಲ್ಲಿ ಇನ್ನೂ ಇದೆ: "ಬುಗುರಿ 14. ಬಣ್ಣ ಚೆನ್ನಾಗಿದೆ. ಸದ್ದಿಲ್ಲ." ಇದು ಯಾವ ಲೈಬ್ರರೀಲಿ ಸಿಗುತ್ತೆ ಸ್ವಾಮಿ? ಮಾಡಿದ್ರೇ ಸಿಗೋದು. ಪಿಎಚ್‌ಡಿ ಕಮಿಟಿಯವರು ಕೇಳಿದ್ದು ಮಾತ್ರ, "ಹೈಪಾಥಿಸಿಸ್ ಎಲ್ಲಮ್ಮಾ?" ಅಂದ್ರೆ, ಮೊದಲೇ ಊಹೆ ಮಾಡಿ ಆಮೇಲೆ ಪರೀಕ್ಷೆ ಮಾಡ್ಬೇಕಲ್ಲ, ಆ ಊಹೆ ಎಲ್ಲಿ ಅಂತ.

ಇದೇನು ನಾನು ಮನೇಲಿ ಕೂತು ಹುಟ್ಟಿಸಿದ್ದಲ್ಲ. 1993ರಲ್ಲೇ ಲಂಡನ್‌ನ ರಾಯಲ್ ಕಾಲೇಜ್ ಆಫ್ ಆರ್ಟ್‌ನ ಕ್ರಿಸ್ಟೋಫರ್ ಫ್ರೇಲಿಂಗ್ ವಿಂಗಡಿಸಿಟ್ಟಿದಾರೆ: ಕಲೆ-ವಿನ್ಯಾಸದ ಬಗ್ಗೆ ಮಾಡೋ ಸಂಶೋಧನೆ ಒಂದು, ಅದರ ಮೂಲಕ ಮಾಡೋದು ಒಂದು, ಅದಕ್ಕಾಗಿ ಮಾಡೋದು ಇನ್ನೊಂದು. ಈ ಮೂರನೇದರ ಬಗ್ಗೆ ಅವರಿಗೇ ಅನುಮಾನ ಇತ್ತಲ್ವಾ ಅಂತೀರಾ? ಇದ್ಕೊಳ್ಳಲಿ ಬಿಡಿ. ನಮ್ಮ ಹುಡುಗಿ ಎರಡನೇದರಲ್ಲಿದಾಳೆ, ಮಾಡ್ತಾ ಮಾಡ್ತಾನೇ ಹುಡುಕೋದು.

ಇನ್ನು ಚೊಂಬು. ಎಲೆಕ್ಷನ್ ಚೊಂಬಲ್ಲ ಮಾರಾಯ್ರೇ, ನೀರಿನ ಚೊಂಬು! ಅಮೆರಿಕದ ಡಿಸೈನರ್‌ಗಳು ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ನಮ್ಮ ಸರ್ಕಾರಕ್ಕೆ ಕೊಟ್ಟ ವರದೀಲಿ ಮನಸೋತಿದ್ದು ಈ ಚೊಂಬಿಗೆ. ಯಾರೋ ಒಬ್ಬ ಡಿಸೈನ್ ಮಾಡಿದ್ದಲ್ಲ ಇದು, ತಲೆಮಾರುಗಳು ತಿದ್ದಿದ್ದು ಅಂದ್ರು. ಆ ವರದಿ ಹಿಡ್ಕೊಂಡೇ 1961ರಲ್ಲಿ ಅಹಮದಾಬಾದ್‌ನಲ್ಲಿ ಎನ್‌ಐಡಿ, ಅಂದ್ರೆ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್, ಶುರುವಾಗಿದ್ದು. ಕೇಳಿ ಈಗ, ಚೊಂಬಿನ ಹೈಪಾಥಿಸಿಸ್ ಎಲ್ಲಿ ಅಂತ!

"ಹಾಗಾದ್ರೆ ಗೊಂಬೆ ಮಾಡೋರಿಗೆಲ್ಲಾ ಪಿಎಚ್‌ಡಿ ಕೊಡ್ತೀರಾ?" ಬಂತಾ? ಬರುತ್ತೆ ಅಂತ ಗೊತ್ತಿತ್ತು. ಕೊಡಿ! ಕಟ್ ಪೇಸ್ಟ್ ಮಾಡಿ ಬೈಂಡಿಂಗ್ ಹಾಕಿಸಿದೋರಿಗೆ ಕೊಟ್ಟಿಲ್ವಾ? ಹದಿನಾಲ್ಕು ಸಲ ಕೆಡಿಸಿ, ಯಾಕೆ ಕೆಡ್ತು ಅಂತ ಬರೆದಿಟ್ಟೋಳಿಗೆ ಕೊಡಕ್ಕೇನು ಕಷ್ಟ? ಮಾಡೋದೇ ಹುಡುಕೋದು. ಮಾಡೋದೇ ಹುಡುಕೋದು ಅಂದ್ನಲ್ಲಾ! ಇದನ್ನ ಟೀ ಶರ್ಟ್ ಮೇಲೆ ಹಾಕಿಸ್ತಿದೀನಿ, ಲಿಂಕ್ ಕೆಳಗಿದೆ, ಎಕ್ಸೆಲ್ ಸೈಜ್ ಖಾಲಿ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಆ ಇಮೋಜಿ ಹಾಕಿದೋರೂ ಮಾಡಿ.

ಬೇರೆ ಕಾರಣ ಏನು ಅಂದ್ರೆ... ಬೇಡ ಬಿಡಿ, ಬುಗುರಿ ಇಲ್ಲೇ ಇದೆ. ಹದಿನೈದನೇದು. ಮೈಕ್ ಹತ್ರ ತಿರುಗಿಸ್ತೀನಿ, ನೀವೇ ಕೇಳಿ.

...ಅಯ್ಯೋ, ಕೀಬೋರ್ಡ್ ಮೇಲೆ ಹತ್ತಿ ಬಿತ್ತು. ತಡೀರಿ, ಇನ್ನೊಂದ್ಸಲ.