ಹದಿನಾಲ್ಕು ಜನರ ಮೀಟಿಂಗು, ಒಂದು ಪುಟದ ಠರಾವು

(ಮೈಸೂರಿನಲ್ಲಿ ಗೆಳೆಯರ ಭಾನುವಾರದ ಕೂಟದಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ‘ಆಸ್ಟ್ರೇಲಿಯಾದಲ್ಲಿ ಇದ್ದು ಬಂದಿದ್ದೀರಲ್ಲ, ಅಲ್ಲಿನ ವಿಷಯ ಏನಾದರೂ ಹೇಳಿ’ ಅಂತ ಕರೆದರು. ಕಾಂಗರೂ, ಕ್ರಿಕೆಟ್ಟು ಎರಡೂ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ಯಾರೂ ಕೇಳದ ಒಂದು ವಿಷಯ ತಂದಿದ್ದೇನೆ. ಒಂದು ರಾಜಕೀಯ ಪಕ್ಷದ ಮಾಮೂಲಿ ಸದಸ್ಯರು ಕರೆಂಟಿನ ವಿಚಾರದಲ್ಲಿ ತಮ್ಮ ನಾಯಕರ ಕಿವಿ ಹಿಂಡಿದ ಕಥೆ. ಮಾಮೂಲಿ ಸದಸ್ಯರು ಅಂದರೆ ಚುನಾವಣೆ ದಿನ ಬೂತ್ ಹೊರಗೆ ಚೀಟಿ ಹಂಚುತ್ತಾ ನಿಲ್ಲುವವರು.

ಮೊದಲು ಒಂದು ಪ್ರಶ್ನೆ. ಇಲ್ಲಿ ಯಾವುದಾದರೂ ಪಕ್ಷದ ಸದಸ್ಯರು ಎಷ್ಟು ಜನ ಇದ್ದೀರಿ? ಯಾವ ಪಕ್ಷ ಅಂತ ಕೇಳಲ್ಲ, ಧೈರ್ಯವಾಗಿ ಕೈ ಎತ್ತಿ. ನಾಲ್ಕು ಕೈ. ನಿಮ್ಮ ಪಕ್ಷದ ಪ್ರಣಾಳಿಕೆಯಲ್ಲಿ ನೀವು ಬರೆಸಿದ ಸಾಲು ಒಂದಾದರೂ ಇದೆಯಾ? ನಗ್ತಿದ್ದೀರಿ. ಸರಿ, ಮುಂದೆ ಹೋಗೋಣ.

ನಾನು ಮೆಲ್ಬರ್ನ್ ನಗರದ ಪಶ್ಚಿಮ ಭಾಗದಲ್ಲಿ ಒಂಬತ್ತು ವರ್ಷ ಇದ್ದೆ. ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ. ಎಪ್ಪತ್ತು ದಾಟಿದ ನಿವೃತ್ತ ಟೀಚರ್, ಲೇಬರ್ ಪಕ್ಷದ ಹಳೇ ಸದಸ್ಯೆ. ಅಲ್ಲಿನ ಚಳಿಯಲ್ಲಿ ನಮ್ಮ ಕರಿಬೇವಿನ ಗಿಡ ಬದುಕಿದ್ದೇ ಅವರ ಆರೈಕೆಯಿಂದ. 2015ರ ಶುರುವಿನಲ್ಲಿ ಒಂದು ಸಂಜೆ ಬಂದು, ‘ಇವತ್ತು ನಮ್ಮ ಬ್ರಾಂಚ್ ಮೀಟಿಂಗ್ ಇದೆ. ರಾತ್ರಿ ಹೊತ್ತು ಡ್ರೈವ್ ಮಾಡೋಕೆ ನನಗೆ ಕಣ್ಣು ಕಾಣಲ್ಲ, ಬಿಟ್ಟು ಬರ್ತೀಯಾ?’ ಅಂದರು. ಗಿಡದ ಋಣ ಇತ್ತಲ್ಲ, ಹೋದೆ.

ಆಳುವ ಪಕ್ಷವೋ ವಿರೋಧ ಪಕ್ಷವೋ ಆಗಿ ಆ ದೇಶವನ್ನು ನಡೆಸುವ ಎರಡು ದೊಡ್ಡ ಗುಂಪುಗಳಲ್ಲಿ ಲೇಬರ್ ಒಂದು. ಹಾಗಾಗಿ ಮೈಕು, ಹಾರ, ಬ್ಯಾನರ್ ಏನಾದರೂ ಇರುತ್ತೆ ಅಂದುಕೊಂಡಿದ್ದೆ. ಬಾಡಿಗೆ ಹಾಲ್, ಪ್ಲಾಸ್ಟಿಕ್ ಕುರ್ಚಿ, ಗೋಡೆ ಮೇಲೆ ಯೋಗ ಕ್ಲಾಸಿನ ವೇಳಾಪಟ್ಟಿ. ಹದಿನಾಲ್ಕು ಜನ ಸದಸ್ಯರು, ಬಿಸ್ಕತ್ತು ತಿನ್ನುತ್ತಾ ಹಿಂದೆ ಕೂತ ನಾನು. ಹಿಂದಿನ ಸಭೆಯ ನಡಾವಳಿ ಓದಿದರು. ಯಾರು ಯಾರು ಬರಲಾಗಲಿಲ್ಲ ಅಂತ ಬರೆದುಕೊಂಡರು. ಖಜಾಂಚಿ ಲೆಕ್ಕ ಒಪ್ಪಿಸಿದರು, ಬ್ಯಾಂಕಿನಲ್ಲಿ ಇನ್ನೂರು ಚಿಲ್ಲರೆ ಡಾಲರ್. ಆ ಹಾಲ್‌ನ ಫ್ರಿಜ್ ಕೆಟ್ಟಿದ್ದರ ಬಗ್ಗೆ ಹತ್ತು ನಿಮಿಷ ಚರ್ಚೆ. ನಮ್ಮ ಹೌಸಿಂಗ್ ಸೊಸೈಟಿಯ ವಾರ್ಷಿಕ ಸಭೆ ನೆನಪಾಗಿ ಆಕಳಿಕೆ ಬಂತು.

ಆಮೇಲೆ ಅಜ್ಜಿ ಪರ್ಸಿನಿಂದ ಮಡಚಿದ ಹಾಳೆ ತೆಗೆದರು. ಅದೊಂದು ಠರಾವು. 2030ರ ಹೊತ್ತಿಗೆ ದೇಶದ ಕರೆಂಟಿನಲ್ಲಿ ಅರ್ಧ ಭಾಗ, ಅಂದರೆ ಶೇ 50, ಬಿಸಿಲು, ಗಾಳಿ, ನೀರಿನಂಥ ಮುಗಿಯದ ಮೂಲಗಳಿಂದ ಬರಬೇಕು, ಪಕ್ಷ ಇದನ್ನು ತನ್ನ ನೀತಿಯಾಗಿ ಒಪ್ಪಬೇಕು ಅಂತ. ಓದಿ ಮುಗಿಸಿದ ಮೇಲೆ ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರೊಬ್ಬರು ಎದ್ದರು. ‘ನನ್ನ ತಂಗಿ ಮಗ ಲಟ್ರೋಬ್ ಕಣಿವೆಯಲ್ಲಿ ಕಲ್ಲಿದ್ದಲು ಸ್ಥಾವರದಲ್ಲಿದ್ದಾನೆ. 2030ಕ್ಕೆ ಅವನಿಗೆ ನಲವತ್ತೆಂಟು ತುಂಬುತ್ತೆ. ಅವನಿಗೇನು ಹೇಳಲಿ?’ ಅಂದರು. ಯಾರೂ ಮಾತಾಡಲಿಲ್ಲ. ಕೊನೆಗೆ ಅಜ್ಜಿ, ‘ನನ್ನ ಹತ್ತಿರ ಉತ್ತರ ಇಲ್ಲ. ಪ್ರಶ್ನೆಯನ್ನೇ ಠರಾವಿಗೆ ಸೇರಿಸೋಣ’ ಅಂದರು. ಕೆಲಸ ಕಳೆದುಕೊಳ್ಳುವವರಿಗೆ ಮೊದಲೇ ದಾರಿ ಮಾಡಬೇಕು ಅಂತ ಪೆನ್ನಿನಲ್ಲಿ ಒಂದು ಸಾಲು ಸೇರಿತು. ಪರವಾಗಿ ಹನ್ನೆರಡು ಕೈ. ರೈಲ್ವೆಯವರದೂ ಇತ್ತು. ಇಬ್ಬರು ಸುಮ್ಮನಿದ್ದರು. ಕಾರ್ಯದರ್ಶಿ ಬರೆದುಕೊಂಡರು, ದೀಪ ಆರಿಸಿ ಎಲ್ಲರೂ ಮನೆಗೆ.

ಕಾರಿನಲ್ಲಿ ಕೇಳಿದೆ, ಇದರಿಂದ ಏನಾಗುತ್ತೆ ಅಂತ. ‘ಒಂದರಿಂದ ಏನೂ ಆಗಲ್ಲ’ ಅಂದರು.

ಒಂದರಿಂದ ಆಗಲ್ಲ, ನಿಜ. ಹಾಗಂತ ಅದೊಂದೇ ಇರಲಿಲ್ಲ. ಲೇಬರ್ ಎನ್ವಿರಾನ್‌ಮೆಂಟ್ ಆಕ್ಷನ್ ನೆಟ್‌ವರ್ಕ್, ಎಲ್ಲರ ಬಾಯಲ್ಲಿ ‘ಲೀನ್’, ಅಂತ ಪಕ್ಷದ ಒಳಗೇ ಒಂದು ಬಳಗ ಇದೆ. ಮುಂದೆ ನಿಂತು ನಡೆಸಿದವರಲ್ಲಿ ಫೆಲಿಸಿಟಿ ವೇಡ್ ಒಬ್ಬರು. ಇವರು ಸಂಸತ್ತಿನ ಮುಂದೆ ಧರಣಿ ಕೂರಲಿಲ್ಲ. ದೇಶದ ಉದ್ದಗಲಕ್ಕೂ ಇರುವ ಬ್ರಾಂಚುಗಳಿಗೆ ಹೆಚ್ಚೂಕಮ್ಮಿ ಒಂದೇ ಠರಾವು ತಲುಪಿಸಿದರು. ‘ನಿಮ್ಮ ಮುಂದಿನ ಮೀಟಿಂಗಿನಲ್ಲಿ ಇಡಿ, ಪಾಸಾದರೆ ನಮಗೆ ತಿಳಿಸಿ’ ಅಂದರು. 2015ರ ಜುಲೈ ಹೊತ್ತಿಗೆ 300ಕ್ಕೂ ಜಾಸ್ತಿ ಬ್ರಾಂಚುಗಳು ಪಾಸು ಮಾಡಿದ್ದವು.

ಇದು ಯಾಕೆ ದೊಡ್ಡದು ಅಂತ ತಿಳಿಯೋಕೆ ಆ ಪಕ್ಷ ಹೇಗೆ ನಡೆಯುತ್ತೆ ಅನ್ನೋದು ಸ್ವಲ್ಪ ಗೊತ್ತಿರಬೇಕು. ಲೇಬರ್ ಹುಟ್ಟಿದ್ದು 1891ರಲ್ಲಿ. ಕ್ವೀನ್ಸ್‌ಲ್ಯಾಂಡ್‌ನ ಬಾರ್ಕಾಲ್ಡಿನ್ ಅನ್ನೋ ಊರಿನಲ್ಲಿ ಒಂದು ಮರದ ಕೆಳಗೆ ಕುರಿಯ ಉಣ್ಣೆ ಕತ್ತರಿಸುವ ಕೂಲಿಗಳು ಮುಷ್ಕರ ಹೂಡಿ ಸಭೆ ಸೇರಿದ್ದರು. ಅದೇ ಪಕ್ಷದ ಹುಟ್ಟಿನ ಜಾಗ ಅಂತ ಇವತ್ತೂ ಹೇಳ್ತಾರೆ. ಹಾಗಾಗಿ ಈಗಲೂ ಪಕ್ಷದ ಸಮ್ಮೇಳನಗಳಲ್ಲಿ ಕಾರ್ಮಿಕ ಸಂಘಗಳ ಕೈ ಬಲವಾಗಿದೆ. ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ರಾಷ್ಟ್ರೀಯ ಸಮ್ಮೇಳನ ನಡೆಯುತ್ತೆ, ನಾನೂರರಷ್ಟು ಪ್ರತಿನಿಧಿಗಳು ಕೂತು ಪಕ್ಷದ ನೀತಿ ಪುಸ್ತಕವನ್ನು ತಿದ್ದುತ್ತಾರೆ. ಅದಕ್ಕೆ ಪ್ಲಾಟ್‌ಫಾರ್ಮ್ ಅಂತಾರೆ. ನಾಯಕರು ಅದನ್ನು ಸುಮ್ನೆ ಪಕ್ಕಕ್ಕೆ ತಳ್ಳೋಕಾಗಲ್ಲ. ತಳ್ಳಲ್ಲ ಅಂತಲ್ಲ, ಆದರೆ ತಳ್ಳಿದರೆ ಯಾಕೆ ಅಂತ ಉತ್ತರ ಕೊಡಬೇಕಾಗುತ್ತೆ.

ಇನ್ನೊಂದು ತೊಡಕಿದೆ. ಪ್ರತಿನಿಧಿಗಳಲ್ಲಿ ಹೆಚ್ಚಿನವರು ಎಡಬಣ, ಬಲಬಣ ಅಂತ ಹಂಚಿಕೊಂಡಿರುತ್ತಾರೆ. ಬಣದ ಹಿರಿಯರು ಹೇಳಿದ ಕಡೆ ಕೈ ಎತ್ತುತ್ತಾರೆ. ಪರಿಸರ ಅಂದರೆ ಎಡಬಣದ ಹುಚ್ಚು ಅಂತ ಒಂದು ಹಣೆಪಟ್ಟಿ ಬೇರೆ. ಆದರೆ ಠರಾವು ಎರಡೂ ಬಣಗಳ ಬ್ರಾಂಚುಗಳಿಂದ, ಪಟ್ಟಣದಿಂದಲೂ ಹಳ್ಳಿಯಿಂದಲೂ ಬಂದರೆ ಆ ಹಣೆಪಟ್ಟಿ ಅಂಟಲ್ಲ. ನನಗೆ ಇಡೀ ಕಥೆಯಲ್ಲಿ ಹಿಡಿಸಿದ ಜಾಣತನ ಇದೇ. ಶೇ 50 ಅನ್ನೋ ಸಂಖ್ಯೆ ಎರಡನೇ ಜಾಣತನ. ‘ಅರ್ಧ’ ಅನ್ನೋದನ್ನು ಫೋನಿನಲ್ಲಿ ಒಂದು ಉಸಿರಿನಲ್ಲಿ ಹೇಳಬಹುದು.

ಆ ಹೊತ್ತಿಗೆ ನಾಯಕರಿಗೆ ಹವಾಮಾನ ಅನ್ನೋ ಪದ ಕೇಳಿದರೆ ತೆನಾಲಿ ರಾಮಕೃಷ್ಣನ ಬೆಕ್ಕಿಗೆ ಹಾಲು ಕಂಡ ಹಾಗೆ. ಲೇಬರ್ ಪ್ರಧಾನಿ ಕೆವಿನ್ ರಡ್ ಇಂಗಾಲಕ್ಕೆ ಬೆಲೆ ಕಟ್ಟುವ, ಅಂದರೆ ಹೊಗೆ ಬಿಡುವ ಕಂಪನಿಗಳಿಂದ ದುಡ್ಡು ಕಟ್ಟಿಸುವ ಯೋಜನೆ ತಂದರು, ಸಂಸತ್ತಿನ ಮೇಲ್ಮನೆ ಸೆನೆಟ್ ಅದನ್ನು 2009ರಲ್ಲಿ ಎರಡು ಸಲ ತಿರಸ್ಕರಿಸಿತು. ಹಸಿರು ಪಕ್ಷದವರೂ ವಿರುದ್ಧ ಮತ ಹಾಕಿದ್ದರು, ಯೋಜನೆ ಸಾಲದು ಅಂತ. ಮರುವರ್ಷ ಯೋಜನೆ ಮುಂದಕ್ಕೆ ಹಾಕಿದರು, ಸ್ವಲ್ಪ ದಿನಕ್ಕೆ ಕುರ್ಚಿಯೂ ಹೋಯಿತು. ಅವರ ಜಾಗಕ್ಕೆ ಬಂದ ಜೂಲಿಯಾ ಗಿಲಾರ್ಡ್ 2012ರ ಜುಲೈ 1ರಿಂದ ಇಂಗಾಲದ ಬೆಲೆ ಜಾರಿಗೆ ತಂದರು. ‘ತೆರಿಗೆ ಕಿತ್ತೆಸೀರಿ’ ಅಂತ ಎದುರು ಪಕ್ಷದ ಟೋನಿ ಅಬಟ್ ಊರೂರು ತಿರುಗಿ 2013ರಲ್ಲಿ ಗೆದ್ದರು, 2014ರ ಜುಲೈನಲ್ಲಿ ಅದನ್ನು ಕಿತ್ತೂ ಹಾಕಿದರು. ಅವರ ಖಜಾನೆ ಮಂತ್ರಿ ಜೋ ಹಾಕಿಗಂತೂ ಕ್ಯಾನ್‌ಬೆರಾ ಹತ್ತಿರದ ಗಾಳಿ ಫ್ಯಾನುಗಳನ್ನು ಕಂಡರೇ ಆಗುತ್ತಿರಲಿಲ್ಲ, ರೇಡಿಯೊದಲ್ಲೇ ಹೇಳಿಕೊಂಡರು. ನಮ್ಮ ಚಿತ್ರದುರ್ಗದ ಗುಡ್ಡಗಳನ್ನು ನೋಡಿದ್ದರೆ ಏನನ್ನುತ್ತಿದ್ದರೋ.

2015ರ ಜೂನ್‌ನಲ್ಲಿ ಇನ್ನೊಂದು ಕತ್ತರಿ ಬಿತ್ತು. 2020ಕ್ಕೆ ದೊಡ್ಡ ಸ್ಥಾವರಗಳಿಂದ 41,000 ಗಿಗಾವ್ಯಾಟ್-ಗಂಟೆ ಹಸಿರು ಕರೆಂಟು ಬರಬೇಕು ಅಂತ ಕಾಯಿದೆ ಇತ್ತು. ಅದನ್ನು 33,000ಕ್ಕೆ ಇಳಿಸಿದರು. ನಮ್ಮ ಬಿಲ್ಲಿನ ಭಾಷೆಯಲ್ಲಿ ಹೇಳಬೇಕಂದರೆ ವರ್ಷಕ್ಕೆ 4,100 ಕೋಟಿ ಯೂನಿಟ್ಟಿನಿಂದ 3,300 ಕೋಟಿ ಯೂನಿಟ್ಟಿಗೆ. ಆಗ ಆ ದೇಶದ ಕರೆಂಟಿನಲ್ಲಿ ಇಂಥ ಮೂಲಗಳ ಪಾಲು ಶೇ 14ರ ಆಸುಪಾಸು. ಅಂಥ ಹೊತ್ತಲ್ಲಿ ಈ ಅಜ್ಜಿಯರು ಶೇ 50 ಕೇಳುತ್ತಿದ್ದರು.

ಸಮ್ಮೇಳನ ಮೆಲ್ಬರ್ನ್‌ನಲ್ಲೇ, ಜುಲೈ 24ರಿಂದ ಮೂರು ದಿನ. ಶುರುವಾಗೋಕೆ ಮುಂಚೆಯೇ, ಅದೇ ವಾರ, ಆಗಿನ ವಿರೋಧ ಪಕ್ಷದ ನಾಯಕ ಬಿಲ್ ಶಾರ್ಟನ್ 2030ಕ್ಕೆ ಶೇ 50 ನಮ್ಮ ಗುರಿ ಅಂತ ತಾವೇ ಘೋಷಿಸಿಬಿಟ್ಟರು. ಪತ್ರಿಕೆಗಳು ಅದನ್ನು ನಾಯಕನ ದಿಟ್ಟ ಹೆಜ್ಜೆ ಅಂತ ಬರೆದವು. ಅಜ್ಜಿಗೆ ಹೇಳಿದರೆ, ‘ಬರೀಲಿ ಬಿಡು’ ಅಂದರು. ಸಮ್ಮೇಳನದಲ್ಲಿ ಗಲಾಟೆ ಆಗಿದ್ದೆಲ್ಲ ದೋಣಿಯಲ್ಲಿ ಬರುವ ನಿರಾಶ್ರಿತರನ್ನು ವಾಪಸ್ ಕಳಿಸುವ ವಿಷಯಕ್ಕೆ. ಟಿವಿಯೆಲ್ಲ ಅದೇ. ಕರೆಂಟಿನ ಸಾಲು ಹೆಚ್ಚು ಸದ್ದಿಲ್ಲದೆ ಸೇರಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು, ನಾನೂ ಬೇಗ ಕೂರುತ್ತಿದ್ದೆ. ಆದರೆ ಆ ರೈಲ್ವೆಯವರ ಪ್ರಶ್ನೆ ಹಾಗೇ ಇತ್ತಲ್ಲ.

2016ರ ನವೆಂಬರ್‌ನಲ್ಲಿ ಲಟ್ರೋಬ್ ಕಣಿವೆಯ ಹೇಜಲ್‌ವುಡ್ ಸ್ಥಾವರ ಮುಚ್ಚುತ್ತೇವೆ ಅಂತ ಮಾಲೀಕರು ಹೇಳಿದರು. 1,600 ಮೆಗಾವ್ಯಾಟ್, 1960ರ ದಶಕದ ಸ್ಥಾವರ. 2017ರ ಮಾರ್ಚ್ ಕೊನೆಗೆ ಬಾಗಿಲು ಹಾಕಿಯಾಯಿತು. ಐದೇ ತಿಂಗಳು. ಅಪ್ಪ ಮಗ ಇಬ್ಬರೂ ಒಂದೇ ಗೇಟಿನೊಳಗೆ ಹೋಗಿ ಬಂದ ಮನೆಗಳು ಅಲ್ಲಿ ಇದ್ದವು. ರಾಜ್ಯ ಸರ್ಕಾರ ಅವಸರದಲ್ಲಿ ಲಟ್ರೋಬ್ ವ್ಯಾಲಿ ಅಥಾರಿಟಿ ಅಂತ ಒಂದು ಸಂಸ್ಥೆ ಮಾಡಿತು, ತರಬೇತಿ ಕೊಟ್ಟಿತು, ಉಳಿದ ಸ್ಥಾವರಗಳಲ್ಲಿ ಕೆಲವರಿಗೆ ಜಾಗ ಕೊಡಿಸಿತು. ಒಳ್ಳೆಯದೇ. ಆದರೆ ಅದನ್ನೆಲ್ಲ ಐದು ವರ್ಷ ಮೊದಲು ಮಾಡಬೇಕಿತ್ತು. ಮುಚ್ಚಿದ್ದು ಹಸಿರು ನೀತಿಯಿಂದಲ್ಲ, ಹಳೇ ಸ್ಥಾವರ ರಿಪೇರಿಗೆ ಗಿಟ್ಟುತ್ತಿರಲಿಲ್ಲ ಅಂತ ವಾದ ಮಾಡಬಹುದು. ನಾನೂ ಮಾಡಿದ್ದೇನೆ. ಕೆಲಸ ಹೋದವನ ಮುಂದೆ ಅದನ್ನು ಹೇಳಿ ನೋಡಿ.

ನಮ್ಮ ಪಾವಗಡದಲ್ಲೂ ಇದೇ ಪ್ರಶ್ನೆ ಬೇರೆ ಬಟ್ಟೆ ಹಾಕಿಕೊಂಡು ಬಂತು. ಸುಮಾರು 13,000 ಎಕರೆಯನ್ನು ರೈತರಿಂದ ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದು 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಮಾಡಿದರು. ಜಮೀನು ಇದ್ದವರಿಗೆ ವರ್ಷ ವರ್ಷ ದುಡ್ಡು ಬರುತ್ತೆ, ಮಳೆ ನಂಬಿಕೊಂಡು ಶೇಂಗಾ ಬಿತ್ತುವುದಕ್ಕಿಂತ ವಾಸಿ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ, ತುಂಡು ಜಮೀನೂ ಇಲ್ಲದ ಹೆಂಗಸಿಗೆ ಯಾವ ಗುತ್ತಿಗೆ? ಆ ಸಾಲನ್ನು ಪೆನ್ನಿನಲ್ಲಿ ಸೇರಿಸೋಕೆ ಯಾವ ಬ್ರಾಂಚ್ ಮೀಟಿಂಗ್ ಇತ್ತು?

ವಾಪಸ್ ಬರ್ತೀನಿ. 2019ರ ಮೇ ತಿಂಗಳು, ಎಲ್ಲ ಸಮೀಕ್ಷೆಗಳೂ ಲೇಬರ್ ಗೆಲ್ಲುತ್ತೆ ಅಂದಿದ್ದವು. ಸೋತಿತು. ಕ್ವೀನ್ಸ್‌ಲ್ಯಾಂಡ್‌ನಲ್ಲಿ, ನ್ಯೂಕ್ಯಾಸಲ್ ಹಿಂದಿನ ಹಂಟರ್ ಕಣಿವೆಯಲ್ಲಿ ಗಣಿ ಊರುಗಳು ಕೈಕೊಟ್ಟವು. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಅದಾನಿ ಕಂಪನಿಯ ಕಾರ್ಮೈಕಲ್ ಕಲ್ಲಿದ್ದಲು ಗಣಿ ಬೇಕೋ ಬೇಡವೋ ಅನ್ನೋದೇ ದೊಡ್ಡ ಜಗಳವಾಗಿತ್ತು. ದಕ್ಷಿಣದಿಂದ ಕಾರುಗಳ ಸಾಲು ಕಟ್ಟಿಕೊಂಡು ಗಣಿ ಬೇಡ ಅನ್ನೋಕೆ ಹೋದವರನ್ನು ಅಲ್ಲಿಯವರು ‘ನಮಗೆ ಪಾಠ ಹೇಳೋಕೆ ಬಂದ್ರಾ’ ಅಂತ ನೋಡಿದರು. ಸೋಲಿನ ಮೇಲೆ ಹಂಟರ್‌ನ ಲೇಬರ್ ಸಂಸದ ಜೋಯೆಲ್ ಫಿಟ್ಜ್‌ಗಿಬ್ಬನ್, ಹವಾಮಾನದ ಗುರಿ ಇಳಿಸಿ ಅಂತ ಬಹಿರಂಗವಾಗಿಯೇ ಹೇಳತೊಡಗಿದರು. ಗುರಿ ಇಳಿಯಿತು ಕೂಡ. 2019ರಲ್ಲಿ ದೇಶದ ಇಂಗಾಲದ ಹೊಗೆ ಶೇ 45 ಇಳಿಸ್ತೀವಿ ಅಂದಿದ್ದವರು 2022ರ ಚುನಾವಣೆಗೆ ಶೇ 43 ಅಂದರು. ಆದರೆ ಅದೇ ಯೋಜನೆಯಲ್ಲಿ 2030ಕ್ಕೆ ಹಸಿರು ಕರೆಂಟಿನ ಪಾಲು ಶೇ 82. ಗೆದ್ದು ಬಂದ ಅದೇ ವರ್ಷ ಶೇ 43 ಕಾಯಿದೆಯಾಯಿತು. ಶೇ 50 ಅನ್ನೋದು ಹುಚ್ಚು ಅಂತ ನಕ್ಕಿದ್ದ ದೇಶದಲ್ಲಿ ಶೇ 82ರ ಬಗ್ಗೆ ‘ಆಗುತ್ತಾ, ತಡವಾಗುತ್ತಾ’ ಅಂತ ಮಾತ್ರ ಜಗಳ. ಈಗ ಪಾಲು ಶೇ 40ರ ಸುತ್ತ ಬಂದಿದೆ. ಚಾವಣಿ ಮೇಲೆ ಸೋಲಾರ್ ಇರುವ ಮನೆ, ಅಂಗಡಿ 40 ಲಕ್ಷ ದಾಟಿವೆ.

ಇದೆಲ್ಲ ಬ್ರಾಂಚ್ ಠರಾವಿನಿಂದಲೇ ಆಯಿತು ಅಂದರೆ ಸುಳ್ಳು. ಪ್ಯಾನೆಲ್ ಬೆಲೆ ಬಿದ್ದಿದ್ದು, ಕಾಡ್ಗಿಚ್ಚು, ರಾಜ್ಯ ಸರ್ಕಾರಗಳು, ಎಲ್ಲ ಸೇರಿವೆ. ಠರಾವು ಮಾಡಿದ್ದು ಒಂದೇ ಕೆಲಸ: ಸೋತಾಗ ಪಕ್ಷ ಪೂರ್ತಿ ಜಾರದ ಹಾಗೆ ಒಂದು ಗೂಟ ಹೊಡೆದಿತ್ತು. ಹಗ್ಗ ಎಳೆದಾಡಬಹುದು, ಗೂಟ ಕೀಳೋಕೆ ನೂರಾರು ಬ್ರಾಂಚುಗಳಿಗೆ ಉತ್ತರ ಹೇಳಬೇಕು.

ನಿಧಾನ ಎಷ್ಟು ಅಂತಲೂ ಹೇಳಿಬಿಡ್ತೀನಿ, ಆಮೇಲೆ ಮೋಸ ಮಾಡಿದೆ ಅನ್ನಬೇಡಿ. 2018ರ ಡಿಸೆಂಬರ್‌ನಲ್ಲಿ ಅಡಿಲೇಡ್ ಸಮ್ಮೇಳನಕ್ಕೆ ಲೀನ್‌ನವರು ಇದೇ ಉಪಾಯದಿಂದ ಇನ್ನೊಂದು ಠರಾವು ತಂದರು. ದೇಶಕ್ಕೆ ಹೊಸ ಪರಿಸರ ಕಾಯಿದೆ, ಜೊತೆಗೆ ಒಂದು ಸ್ವತಂತ್ರ ಪರಿಸರ ಪ್ರಾಧಿಕಾರ. ಪಕ್ಷ ಒಪ್ಪಿತು. ಅಧಿಕಾರಕ್ಕೆ ಬಂದ ಮೇಲೆ ಮಸೂದೆ ತಂದರು. 2024ರಲ್ಲಿ ಇನ್ನೇನು ಪಾಸಾಗಬೇಕು, ಪಶ್ಚಿಮ ಆಸ್ಟ್ರೇಲಿಯಾದ ಲೇಬರ್ ಮುಖ್ಯಮಂತ್ರಿಯೇ ತಕರಾರು ತೆಗೆದರು. ಅದು ಗಣಿಗಳ ರಾಜ್ಯ. ಪ್ರಧಾನಿ ಮಸೂದೆಯನ್ನು ಬದಿಗಿಟ್ಟರು. ಕೊನೆಗೆ ಕಾಯಿದೆ ಪಾಸಾಗಿದ್ದು 2025ರ ನವೆಂಬರ್ ಕೊನೆಗೆ. ಕೈ ಎತ್ತಿದ್ದಕ್ಕೂ ಕಾಯಿದೆಗೂ ನಡುವೆ ಏಳು ವರ್ಷ.

ಆ ಸುದ್ದಿ ಬಂದಾಗ ಅಜ್ಜಿಗೆ ಫೋನ್ ಮಾಡಿದ್ದೆ. ಈಗ ಎಂಬತ್ತರ ಮೇಲೆ. ಖುಷಿಯಾಯಿತಾ ಅಂದೆ. ‘ಅದರಲ್ಲಿ ಮೂರು ಕಡೆ ತೂತಿದೆ, ಓದಿ ಗುರುತು ಹಾಕಿದ್ದೀನಿ’ ಅಂದರು. ಆಮೇಲೆ, ‘ಗುರುವಾರ ಮೀಟಿಂಗ್ ಇದೆ, ಕರ್ಕೊಂಡು ಹೋಗೋಕೆ ಯಾರೂ ಸಿಕ್ಕಿಲ್ಲ’ ಅಂದರು.

ಕಾಫಿ ಬಂತು ಅನ್ಸುತ್ತೆ. ಪ್ರಶ್ನೆ ಕೇಳೋರು ಕೇಳಿ. ಆಗ ಕೈ ಎತ್ತಿದ ನಾಲ್ಕು ಜನ ಮೊದಲು.