ಡಬ್ಬ ಯಾರ ಮನೆಯದು?

ನಮಸ್ಕಾರ. ಈ ವಾರಕ್ಕೆ ಭದ್ರಾವತಿಯ ಬಗ್ಗೆ ಎಂಟು ಪುಟ ಬರೆದಿಟ್ಟುಕೊಂಡಿದ್ದೆ. ಅದನ್ನು ಪಕ್ಕಕ್ಕೆ ಸರಿಸಿದ್ದೇನೆ. ಮೊನ್ನೆ ರಾತ್ರಿ ಬಂದ ಒಂದು ಧ್ವನಿ ಸಂದೇಶ ನನಗೆ ನಿದ್ದೆ ಬರಲು ಬಿಡಲಿಲ್ಲ.

ಕಳುಹಿಸಿದವರು ಸಾಗರದ ಕಡೆಯ ಕೇಳುಗರು. ಮರ್ಯಾದೆಯಿಂದಲೇ ಮಾತನಾಡಿದ್ದಾರೆ. "ನಮ್ಮ ಅಜ್ಜ ಕಾಗೋಡು ಸತ್ಯಾಗ್ರಹದಲ್ಲಿ ಜೈಲಿಗೆ ಹೋದವರು. ನಮಗೆ ಸಮಾಜವಾದದ ಪಾಠ ಬೇಡ. ಅಡಿಕೆ ಸುಲಿಯುವವರಿಗೆ ಡಬ್ಬಕ್ಕೆ ಇಷ್ಟು ಎಂದು ನ್ಯಾಯವಾಗಿ ಕೊಡುತ್ತಿದ್ದೇವೆ. ಕಾಫಿ ತಿಂಡಿ ಬೇರೆ. ಇನ್ನೇನು ಕೊಡಬೇಕು?"

ಅಣ್ಣಾ, ನಿಮ್ಮ ಅಜ್ಜನಿಗೆ ನನ್ನ ಸಾಷ್ಟಾಂಗ ನಮಸ್ಕಾರ. ಆದರೆ ಅವರು ಜೈಲಿಗೆ ಹೋದದ್ದು ಯಾತಕ್ಕೆ ಎಂಬುದನ್ನು ನೀವು ಮರೆತಿದ್ದೀರಿ. ಅವರು ಹೋದದ್ದು ಒಂದು ಕೊಳಗಕ್ಕಾಗಿ.

1951ರಲ್ಲಿ ಕಾಗೋಡಿನ ಗೇಣಿದಾರರು ಕೇಳಿದ್ದು ಆಕಾಶವನ್ನಲ್ಲ. ಗೇಣಿಯ ಭತ್ತವನ್ನು ಅಳೆಯುವ ಕೊಳಗ ಒಡೆಯರ ಮನೆಯದು. ಅದು ಸರ್ಕಾರದ ಅಳತೆಗಿಂತ ದೊಡ್ಡದು. ಲೆಕ್ಕದಲ್ಲಿ ಇಷ್ಟು ಕೊಳಗ ಎಂದರೆ ಇಷ್ಟೇ, ಆದರೆ ಕಣದಿಂದ ಹೋಗುತ್ತಿದ್ದ ಭತ್ತ ಅದಕ್ಕಿಂತ ಹೆಚ್ಚು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು, ಆ ಜೂನ್‌ನಲ್ಲಿ ಸಮಾಜವಾದಿಗಳ ಮುಂದಾಳು ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಉತ್ತರ ಭಾರತದ ಒಬ್ಬ ನಾಯಕ ಮಲೆನಾಡಿನ ಮಳೆಗಾಲದಲ್ಲಿ ಇಲ್ಲಿಯವರೆಗೆ ಬಂದದ್ದು ಅಳತೆಯ ಪಾತ್ರೆಯೊಂದರಿಂದ ಎದ್ದ ಜಗಳಕ್ಕೆ. ನ್ಯಾಯವಾದ ಪಾಲು ಎಷ್ಟು ಎಂದು ಕೇಳುವ ಮೊದಲು, ಅಳೆಯುವ ಪಾತ್ರೆ ಯಾರ ಮನೆಯದು ಎಂದು ಕೇಳಬೇಕು.

ಈಗ ನಮ್ಮ ಮನೆಯ ಡಬ್ಬದ ವಿಷಯಕ್ಕೆ ಬರುತ್ತೇನೆ.

ನನ್ನ ಅಮ್ಮ ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಊರಿನಲ್ಲಿ ಮೂವತ್ತು ವರ್ಷ ಅಡಿಕೆ ಸುಲಿದವಳು. ದೀಪಾವಳಿ ಕಳೆದು ಅಡಿಕೆ ಗೊನೆಯ ಕೊಯ್ಲು ಶುರುವಾಯಿತೆಂದರೆ ಮನೆಯ ಅಡುಗೆ ಮುಗಿಸಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತುಕೊಳ್ಳುತ್ತಿದ್ದಳು. ಏಳುವಾಗ ರಾತ್ರಿ ಹತ್ತು ದಾಟಿರುತ್ತಿತ್ತು. ಬೆರಳುಗಳಿಗೆ ಹತ್ತಿದ ಅಡಿಕೆಯ ಕರೆ ಬೇಸಿಗೆಯವರೆಗೂ ಹೋಗುತ್ತಿರಲಿಲ್ಲ. ಶಾಲೆಯ ಸಭೆಗೆ ಬಂದರೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದಳು. ಸುಲಿದ ಅಡಿಕೆಯನ್ನು ಅಳೆಯಲು ಯಜಮಾನರ ಮನೆಯ ಡಬ್ಬ. ಅದೂ ಬಾಯಿಮಟ್ಟಕ್ಕೆ ಅಲ್ಲ, ಗೋಪುರ ಏರಿಸಿ, ಉದುರುವವರೆಗೆ.

ಎರಡು ವರ್ಷದ ಹಿಂದೆ ಆ ಮನೆಯವರು ಹಳೆಯ ಸಾಮಾನನ್ನು ಗುಜರಿಗೆ ಹಾಕುವಾಗ ಆ ಡಬ್ಬವನ್ನು ನಾನು ಕೇಳಿ ತಂದೆ. ಅದರ ತಳವನ್ನು ಒಳಗಿನಿಂದ ಹೊಡೆದು ಹೊರಕ್ಕೆ ಉಬ್ಬಿಸಿದ್ದರು. ಅದೇ ಅಳತೆಯ ಹೊಸ ಡಬ್ಬವೊಂದನ್ನು ಪೇಟೆಯಿಂದ ತಂದು ಎರಡಕ್ಕೂ ನೀರು ತುಂಬಿಸಿದೆ. ಹಳೆಯದು ಎರಡು ಚೊಂಬು ಹೆಚ್ಚು ನೀರು ಹಿಡಿಯಿತು. ಅಮ್ಮ ಜಗಲಿಯಲ್ಲಿ ನಿಂತು ನೋಡುತ್ತಿದ್ದಳು. ಒಂದೂ ಮಾತನಾಡದೆ ಒಳಗೆ ಹೋದಳು. ಮೂವತ್ತು ವರ್ಷದ ಒಂದೊಂದು ಡಬ್ಬಕ್ಕೂ ಎರಡೆರಡು ಚೊಂಬು. ಆ ಲೆಕ್ಕವನ್ನು ಯಾವ ಕಾಫಿ ತಿಂಡಿಯಲ್ಲಿ ಕಳೆಯುತ್ತೀರಿ, ಅಣ್ಣಾ?

ಇನ್ನೊಂದು ವಿಷಯ ಹೇಳುತ್ತೇನೆ, ಇದನ್ನು ಹೇಳುವುದು ನನಗೆ ಕಷ್ಟ. ಆ ಯಜಮಾನರು ಹಳೆಯ ಜಮೀನ್ದಾರರಲ್ಲ. 1974ರಲ್ಲಿ ದೇವರಾಜ ಅರಸರ ಕಾಲದ ಭೂ ಸುಧಾರಣೆಯ ತಿದ್ದುಪಡಿ ಬಂದಾಗ ಡಿಕ್ಲರೇಷನ್, ಅಂದರೆ ಈ ಜಮೀನನ್ನು ಗೇಣಿ ಮಾಡುತ್ತಿದ್ದೇವೆ ಎಂಬ ಅರ್ಜಿ, ಹಾಕಿ ತೋಟ ಪಡೆದ ಗೇಣಿದಾರರು. ಉಳುವವನೇ ಹೊಲದೊಡೆಯ ಎಂಬ ಮಾತಿನಿಂದ ನಿಜವಾಗಿ ಒಡೆಯರಾದವರು. ಆ ಕಾನೂನು ಈ ಜಿಲ್ಲೆಯ ಬೆನ್ನನ್ನು ನೆಟ್ಟಗೆ ಮಾಡಿತು, ಅದರ ಬಗ್ಗೆ ಒಂದು ಕೆಟ್ಟ ಮಾತನ್ನೂ ನಾನು ಆಡುವುದಿಲ್ಲ. ಆದರೆ ಅದರ ಪ್ರಕಾರ ಭೂಮಿ ಸಿಕ್ಕಿದ್ದು ಗೇಣಿ ಮಾಡಿದವನಿಗೆ. ಬರಿಯ ಕೂಲಿ ಮಾಡುತ್ತಿದ್ದ ನನ್ನ ಅಜ್ಜನ ಬಳಿ ಡಿಕ್ಲರೇಷನ್ ಹಾಕಲು ಏನೂ ಇರಲಿಲ್ಲ. ಕೊಳಗದ ವಿರುದ್ಧ ಎದ್ದವರ ಮಕ್ಕಳ ಕೈಗೆ ಡಬ್ಬ ಬಂತು, ನಮ್ಮವರ ಕೈಗೆ ಮೆಟ್ಟುಗತ್ತಿ ಉಳಿಯಿತು. ವರ್ಗ ಎಂಬುದನ್ನು ನಾನು ಮೊದಲು ಕಲಿತದ್ದು ಅಲ್ಲಿಯೇ, ಪುಸ್ತಕ ಹಿಡಿಯುವ ಎಷ್ಟೋ ಮೊದಲು.

ಪುಸ್ತಕದಲ್ಲಿಯೂ ಇದು ಇದೆ. 1867ರಲ್ಲಿ ಕಾರ್ಲ್ ಮಾರ್ಕ್ಸ್ ತಮ್ಮ 'ಬಂಡವಾಳ' ಗ್ರಂಥದಲ್ಲಿ ತುಂಡುಗೂಲಿಗೆ ಒಂದು ಇಡೀ ಅಧ್ಯಾಯ ಕೊಟ್ಟಿದ್ದಾರೆ. ಮಾಡಿದಷ್ಟಕ್ಕೆ ಕೂಲಿ ಎಂಬುದು ಕೇಳಲು ನ್ಯಾಯವಾಗಿಯೇ ಇರುತ್ತದೆ. ಕೂಲಿ ಕಡಿತಕ್ಕೂ ಮೋಸಕ್ಕೂ ಅಷ್ಟು ಅನುಕೂಲವಾದ ಪದ್ಧತಿ ಇನ್ನೊಂದಿಲ್ಲ ಎಂಬುದು ಅವರ ವಾದ. ಮೇಸ್ತ್ರಿಯೂ ಬೇಕಾಗಿಲ್ಲ, ಹೊಟ್ಟೆಯೇ ಮೇಸ್ತ್ರಿ. ನನ್ನ ಅಮ್ಮನನ್ನು ರಾತ್ರಿ ಹತ್ತರವರೆಗೆ ಕೂರಿಸಿದ್ದು ಯಾರೂ ಅಲ್ಲ, ಇನ್ನೊಂದು ಡಬ್ಬ.

ಇಲ್ಲಿ ಒಂದು ನಿಮಿಷ. ಈ ಕಾರ್ಯಕ್ರಮಕ್ಕೆ ಯಾವ ಕಂಪನಿಯ ಜಾಹೀರಾತೂ ಇಲ್ಲ, ಯಾವ ಪಕ್ಷದ ದುಡ್ಡೂ ಇಲ್ಲ. ನೀವು ಚಂದಾದಾರರಾದರೆ, ನಿಮ್ಮ ಊರಿನ ನಾಲ್ಕು ಜನರಿಗೆ ಕಳುಹಿಸಿದರೆ ಮಾತ್ರ ಇದು ನಡೆಯುತ್ತದೆ. ದಯವಿಟ್ಟು ಕಳುಹಿಸಿ. ಭದ್ರಾವತಿಯ ಕಂತು ಮುಂದಿನ ಭಾನುವಾರ ಖಂಡಿತ ಬರುತ್ತದೆ.

ಈಗ ನೀವು ಹೇಳುತ್ತೀರಿ, ಕೂಲಿ ಹೆಚ್ಚಿಸಿದರೆ ಆಯಿತಲ್ಲ ಎಂದು. ಆಗುವುದಿಲ್ಲ! ಕೂಲಿ ಹತ್ತು ರೂಪಾಯಿ ಹೆಚ್ಚಿಸಿ ಡಬ್ಬದ ತಳವನ್ನು ಇನ್ನೊಂದು ಬೆರಳು ಉಬ್ಬಿಸಿದರೆ ಏನಾಯಿತು? ಅಳತೆಯನ್ನು ಕೈಯಲ್ಲಿ ಹಿಡಿದವನೇ ಕೂಲಿಯನ್ನು ನಿರ್ಧರಿಸುವವನು. ಇದು ತೋಟದವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. 1939ರಲ್ಲಿಯೇ ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ ಎಂಬ ಅಡಿಕೆ ಮಾರಾಟದ ಸಹಕಾರ ಸಂಘ ಕಟ್ಟಿದವರು ಅಡಿಕೆ ಬೆಳೆಗಾರರು. ಮಾರುವ ಜಾಗ ನಮ್ಮದೇ ಆಗಬೇಕು, ಮಂಡಿಯವನು ಹೇಳಿದ ದರಕ್ಕೆ ತಲೆಯಾಡಿಸುವುದು ಸಾಕು ಎಂದು ಷೇರು ಹಾಕಿ ಸಂಘ ಮಾಡಿದರು. ಬಹಳ ಒಳ್ಳೆಯ ಕೆಲಸ. ಅದೇ ಮಾತನ್ನು ಸುಲಿಯುವ ಹೆಂಗಸರು ಆಡಿದರೆ ಮಾತ್ರ ಅದು ಗಲಾಟೆಯೇ?

"ಕೂಲಿಯವರು ಸಂಘ ನಡೆಸುತ್ತಾರೆಯೇ, ಅವರಿಗೆ ಲೆಕ್ಕ ಬರುತ್ತದೆಯೇ" ಎನ್ನುವವರು ಬೆಂಗಳೂರಿಗೆ ಹೋದಾಗ ಚರ್ಚ್ ಸ್ಟ್ರೀಟಿನ ಇಂಡಿಯನ್ ಕಾಫಿ ಹೌಸಿನ ಕಥೆ ಕೇಳಿ. 1957ರಲ್ಲಿ ಕಾಫಿ ಬೋರ್ಡ್ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಿತು. ಕೇರಳದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಮುಂದೆ ನಿಂತರು, ಲೋಟ ತೊಳೆಯುವವರೂ ಕಾಫಿ ತಂದಿಡುವವರೂ ಸೇರಿ ತಾವೇ ಮಾಲೀಕರಾದರು. ಆ ನೌಕರರ ಮೊದಲ ಸಹಕಾರ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲಿಯೇ, ಆಗಸ್ಟ್ 19ರಂದು. ಕೇರಳದ ಕಣ್ಣೂರಿನಲ್ಲಿ, 1966ರ ಬೀಡಿ ಕಾರ್ಮಿಕರ ಕಾನೂನಿನಂತೆ ಕೂಲಿ ಕೊಡುವ ಬದಲು ಮಂಗಳೂರಿನ ಮಾಲೀಕರು ಬಾಗಿಲು ಹಾಕಿಕೊಂಡು ಹೋದಾಗ, ಬೀಡಿ ಕಟ್ಟುವವರು 1969ರಲ್ಲಿ ದಿನೇಶ್ ಬೀಡಿ ಸಂಘ ಕಟ್ಟಿದರು. ಲೆಕ್ಕ ಬಾರದವರು!

"ಸುಲಿಯುವ ಯಂತ್ರ ಬಂದಿದೆ, ಇನ್ನು ಈ ಮಾತೆಲ್ಲ ಯಾಕೆ?" ಬಂದಿದೆ. ಅದನ್ನು ಕೊಂಡವರು ಯಾರು? ಹತ್ತು ಹೆಂಗಸರು ಸೇರಿ ಸಂಘ ಮಾಡಿ ಯಂತ್ರ ಕೊಂಡರೆ ಅದು ಅವರ ಬೆನ್ನಿನ ಭಾರ ಇಳಿಸುತ್ತದೆ. ಯಜಮಾನನೊಬ್ಬನೇ ಕೊಂಡರೆ ಅವರ ಅನ್ನವನ್ನೇ ತಿನ್ನುತ್ತದೆ. ಯಂತ್ರ ಎರಡು ಕಡೆಯೂ ಒಂದೇ.

"ಎಲೆಚುಕ್ಕಿ ರೋಗ ಬಂದಿದೆ, ಕೊಳೆ ರೋಗ ಬಂದಿದೆ, ತೋಟದವರೂ ಸಾಲದಲ್ಲಿದ್ದಾರೆ." ಇದ್ದಾರೆ, ಅವರ ಸಂಕಟ ನನಗೆ ಗೊತ್ತು. ಆದರೆ ಎಲೆಚುಕ್ಕಿಯಿಂದ ಡಬ್ಬದ ತಳ ಉಬ್ಬುವುದಿಲ್ಲ, ಅಣ್ಣಾ. ಅದನ್ನು ಉಬ್ಬಿಸುವುದು ಸುತ್ತಿಗೆ.

"ರಷ್ಯಾದಲ್ಲಿ ಏನಾಯಿತು ನೋಡಿ." ನಾನು ಮಾತನಾಡುತ್ತಿರುವುದು ತೀರ್ಥಹಳ್ಳಿಯ ಬಗ್ಗೆ. ಕಿರಾಣಿ ಅಂಗಡಿಯ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು. ನನ್ನ ಅಮ್ಮನ ಮೂವತ್ತು ವರ್ಷವನ್ನು ಅಳೆದ ಡಬ್ಬಕ್ಕೆ ಯಾವ ಮುದ್ರೆ ಇತ್ತು? ಯಾರು ಬಂದು ನೋಡಿದರು?

ಇನ್ನೂ ಮೂರು ಪುಟ ಬರೆದುಕೊಂಡಿದ್ದೆ. ದೇಶದ ಬಡವರು ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಾರೆ ಎಂದು ಲೋಹಿಯಾ 1963ರಲ್ಲಿ ಲೋಕಸಭೆಯಲ್ಲಿ ಎತ್ತಿದ ಮಾತು ಅದರಲ್ಲಿದೆ. ಓದುವುದಿಲ್ಲ. ಡಬ್ಬ ಯಾರ ಮನೆಯದು ಎಂಬುದೊಂದೇ ಪ್ರಶ್ನೆ. ಯಾರ ಮನೆಯದು? ಆ ಡಬ್ಬ ಈಗ ನನ್ನ ಮೇಜಿನ ಮೇಲೆಯೇ ಇದೆ, ವಿಡಿಯೋದಲ್ಲಿ ನೋಡುತ್ತಿರುವವರಿಗೆ ಕಾಣುತ್ತಿದೆ. ನೆಟ್ಟಗೆ ನಿಲ್ಲುವುದಿಲ್ಲ, ತಳಕ್ಕೆ ಒಂದು ಬಟ್ಟೆ ಮಡಚಿ ಇಟ್ಟಿದ್ದೇನೆ.

ಸಾಗರದ ಅಣ್ಣಾ, ಈ ವರ್ಷದ ಕೊಯ್ಲು ಶುರುವಾಗುವ ಮೊದಲು ನಿಮ್ಮ ಮನೆಯ ಡಬ್ಬದ ಫೋಟೋ ಕಳುಹಿಸಿ. ಪಕ್ಕದಲ್ಲಿ ಹೊಸದೊಂದನ್ನು ಇಟ್ಟು ತೆಗೆಯಿರಿ. ನೀರು ತುಂಬಿಸುವಾಗ ಸುಲಿಯಲು ಬರುವ ಹೆಂಗಸರನ್ನೂ ಕರೆಯಿರಿ.