ಸಾಲಿನ ಕೊನೆಯ ‘ಹ್ಯಾವಿಂಗ್’ ಯಾರಿಗೆ ಸೇರಿದ್ದು?

ನಮಸ್ಕಾರ. ಪರದೆ ಮೇಲಿರುವ ಈ ಸಾಲನ್ನು ಒಮ್ಮೆ ಓದಿ.

[ಪರದೆ: ಗ್ರಾಜುಯೇಟ್ಸ್ ಆರ್ ಡಿಪ್ಲೊಮಾ ಹೋಲ್ಡರ್ಸ್ ಹ್ಯಾವಿಂಗ್ ಟೂ ಇಯರ್ಸ್ ಎಕ್ಸ್‌ಪೀರಿಯನ್ಸ್ ಮೇ ಅಪ್ಲೈ]

ಕೆಲಸದ ಜಾಹೀರಾತಿನಲ್ಲಿ ಇಂಥ ಸಾಲು ಕಾಣುತ್ತಲೇ ಇರುತ್ತದೆ, ಅಲ್ವಾ? ಈಗಷ್ಟೇ ಡಿಗ್ರಿ ಮುಗಿಸಿದ ಹುಡುಗಿಯೊಬ್ಬಳು ಇದನ್ನು ಓದುತ್ತಾಳೆ ಅಂತ ಇಟ್ಟುಕೊಳ್ಳಿ. ಅವಳು ಅರ್ಜಿ ಹಾಕಬಹುದಾ? ಎರಡು ವರ್ಷದ ಅನುಭವ ಬೇಕಿರುವುದು ಡಿಪ್ಲೊಮಾದವರಿಗೆ ಮಾತ್ರವೋ, ಡಿಗ್ರಿಯವರಿಗೂ ಬೇಕೋ? ಎಷ್ಟು ಸಲ ಓದಿದರೂ ಸಾಲಿನೊಳಗೆ ಉತ್ತರ ಸಿಗುವುದಿಲ್ಲ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ ಅಂತಲ್ಲ. ಆ ವಾಕ್ಯದ ಕಟ್ಟೇ ಹಾಗಿದೆ. ಇವತ್ತು ಆ ಕಟ್ಟನ್ನು ಬಿಚ್ಚಿ ನೋಡೋಣ.

ಇದರಲ್ಲಿ ಮೂರು ತುಂಡುಗಳಿವೆ. ಮೊದಲು ಎರಡು ನಾಮಪದ. ಅವನ್ನು ಜೋಡಿಸುವ ‘ಆ್ಯಂಡ್’ ಅಥವಾ ‘ಆರ್’, ಅಂದರೆ ಕಂಜಂಕ್ಷನ್. ಕೊನೆಗೆ ಪಾರ್ಟಿಸಿಪಲ್ ಫ್ರೇಸ್. ಕ್ರಿಯಾಪದಕ್ಕೆ ‘ಇಂಗ್’ ಅಥವಾ ‘ಎಡ್’ ಸೇರಿಸಿ, ನಾಮಪದದ ಬೆನ್ನಿಗೆ ಕಟ್ಟುವ ತುಂಡು ಅದು. ಹ್ಯಾವಿಂಗ್ ಎಕ್ಸ್‌ಪೀರಿಯನ್ಸ್, ಲಿವಿಂಗ್ ಇನ್ ಮೈಸೂರು, ಟ್ರೇನ್ಡ್ ಇನ್ ಅಕೌಂಟ್ಸ್ ಅಂತೀವಲ್ಲ, ಅವೆಲ್ಲ ಇದೇ ಜಾತಿ.

ಈಗ ಒಂದು ಚಿಕ್ಕ ವಾಕ್ಯ ನೋಡಿ.

[ಪರದೆ: ಐ ಸಾ ಎ ಬಾಯ್ ಆ್ಯಂಡ್ ಎ ಗರ್ಲ್ ಹೋಲ್ಡಿಂಗ್ ಆ್ಯನ್ ಅಂಬ್ರೆಲಾ]

ಕೊಡೆ ಯಾರ ಕೈಯಲ್ಲಿದೆ? ಹುಡುಗಿಯ ಕೈ ಅದರ ಮೇಲಿರುವುದಂತೂ ಖಚಿತ, ಯಾಕಂದರೆ ‘ಹೋಲ್ಡಿಂಗ್’ ಅವಳಿಗೆ ಅಂಟಿಕೊಂಡೇ ಬಂದಿದೆ. ಅನುಮಾನ ಇರುವುದು ಹುಡುಗನ ಬಗ್ಗೆ. ಅವನೂ ಕೊಡೆ ಹಿಡಿದಿದ್ದಾನೋ, ಸುಮ್ನೆ ಪಕ್ಕದಲ್ಲಿ ನಿಂತಿದ್ದಾನೋ ಗೊತ್ತಾಗುವುದಿಲ್ಲ. ಬಾಯಲ್ಲಿ ಹೇಳುವಾಗ ‘ಬಾಯ್’ ಆದ ಮೇಲೆ ಸ್ವಲ್ಪ ನಿಂತರೆ ಒಂದು ಅರ್ಥ, ‘ಬಾಯ್ ಆ್ಯಂಡ್ ಗರ್ಲ್’ ಅಂತ ಒಂದೇ ಉಸಿರಿಗೆ ಹೇಳಿದರೆ ಇನ್ನೊಂದು. ಬರವಣಿಗೆಯಲ್ಲಿ ಆ ನಿಲುಗಡೆ ಕಾಣಿಸುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ‘ಹೋಲ್ಡಿಂಗ್’ ಅನ್ನುವ ರೂಪಕ್ಕೆ ಏಕವಚನ, ಬಹುವಚನ ಅಂತ ಇಲ್ಲ. ಒಬ್ಬರು ಹಿಡಿದರೂ ಹೋಲ್ಡಿಂಗ್, ಹತ್ತು ಜನ ಹಿಡಿದರೂ ಹೋಲ್ಡಿಂಗ್. ಅದರ ಜಾಗದಲ್ಲಿ ‘ಹೂ ಈಸ್ ಹೋಲ್ಡಿಂಗ್’ ಅಂತ ಹಾಕಿ ನೋಡಿ. ಹುಡುಗಿ ಒಬ್ಬಳೇ ಅಂತ ತಕ್ಷಣ ಗೊತ್ತಾಗುತ್ತದೆ. ‘ಹೂ ಆರ್ ಹೋಲ್ಡಿಂಗ್’ ಅಂದರೆ ಇಬ್ಬರೂ. ಪಾರ್ಟಿಸಿಪಲ್ ಬಳಸಿದಾಗ ಈ ‘ಈಸ್’, ‘ಆರ್’ ಬಿದ್ದುಹೋಗುತ್ತವೆ. ವಾಕ್ಯ ಚಿಕ್ಕದಾಗುತ್ತದೆ, ಜೊತೆಗೆ ಅರ್ಥದ ಸುಳಿವೂ ಹೋಗುತ್ತದೆ.

ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಇಷ್ಟು ಮಾತು ಅಂತ ಕೇಳಬಹುದು. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಒಬ್ಬ ಮನುಷ್ಯನ ಜೈಲು ಶಿಕ್ಷೆ ಇದೇ ಪ್ರಶ್ನೆಯ ಮೇಲೆ ನಿಂತಿತ್ತು. 2016ರ ಲಾಕ್‌ಹಾರ್ಟ್ ವರ್ಸಸ್ ಯುನೈಟೆಡ್ ಸ್ಟೇಟ್ಸ್ ಕೇಸು ಅದು.

ಮಕ್ಕಳ ಅಶ್ಲೀಲ ಚಿತ್ರಗಳನ್ನು ಇಟ್ಟುಕೊಂಡಿದ್ದು ಲಾಕ್‌ಹಾರ್ಟ್ ಮೇಲಿನ ಅಪರಾಧ. ಇಂಥ ಅಪರಾಧಿಗೆ ಹಿಂದೆ ಕೆಲವು ಬಗೆಯ ಕೇಸುಗಳಲ್ಲಿ ಶಿಕ್ಷೆಯಾಗಿದ್ದರೆ ಕನಿಷ್ಠ 10 ವರ್ಷ ಜೈಲು ಅನ್ನುತ್ತದೆ ಕಾನೂನು. ಯಾವ ಕೇಸುಗಳು? ಕಾನೂನಿನ ಮಾತು ಹೀಗಿದೆ.

[ಪರದೆ: ಅಗ್ರವೇಟೆಡ್ ಸೆಕ್ಷುಯಲ್ ಅಬ್ಯೂಸ್, ಸೆಕ್ಷುಯಲ್ ಅಬ್ಯೂಸ್, ಆರ್ ಅಬ್ಯೂಸಿವ್ ಸೆಕ್ಷುಯಲ್ ಕಾಂಡಕ್ಟ್ ಇನ್ವಾಲ್ವಿಂಗ್ ಎ ಮೈನರ್ ಆರ್ ವಾರ್ಡ್]

ವಾರ್ಡ್ ಅಂದರೆ ಬೇರೆಯವರ ಸುಪರ್ದಿಯಲ್ಲಿರುವ ವ್ಯಕ್ತಿ. ಮೂರು ನಾಮಪದ, ನಡುವೆ ಒಂದು ‘ಆರ್’, ಕೊನೆಗೆ ‘ಇನ್ವಾಲ್ವಿಂಗ್’. ನಮ್ಮ ಕೊಡೆಯ ವಾಕ್ಯದ್ದೇ ಕಟ್ಟು. ಲಾಕ್‌ಹಾರ್ಟ್‌ಗೆ ಹಿಂದೆ ಶಿಕ್ಷೆಯಾಗಿದ್ದು ವಯಸ್ಕ ಮಹಿಳೆಯ ಮೇಲಿನ ದೌರ್ಜನ್ಯಕ್ಕೆ. ‘ಇನ್ವಾಲ್ವಿಂಗ್ ಎ ಮೈನರ್’ ಮೂರೂ ಅಪರಾಧಗಳಿಗೆ ಸೇರುತ್ತದೆ, ನನ್ನ ಹಳೇ ಕೇಸಿನಲ್ಲಿ ಮೈನರ್ ಇರಲಿಲ್ಲ, ಹಾಗಾಗಿ 10 ವರ್ಷದ ನಿಯಮ ನನಗೆ ಬರುವುದಿಲ್ಲ ಅಂತ ಅವನ ವಾದ. ಸರ್ಕಾರದ ವಾದ ಇದಕ್ಕೆ ಉಲ್ಟಾ: ಅದು ಸೇರುವುದು ಕೊನೆಯದಕ್ಕೆ ಮಾತ್ರ.

ಕೋರ್ಟು ಸರ್ಕಾರದ ಪರ ನಿಂತಿತು. ಆರು ನ್ಯಾಯಮೂರ್ತಿಗಳು ಆ ಕಡೆ, ಇಬ್ಬರು ಈ ಕಡೆ. ತೀರ್ಪು ಬರೆದವರು ಸೋನಿಯಾ ಸೊಟೊಮೇಯರ್. ಕೊನೆಯಲ್ಲಿ ಬರುವ ವಿಶೇಷಣ ಹತ್ತಿರದ ಪದಕ್ಕೇ ಸೇರುತ್ತದೆ ಅನ್ನುವ ಹಳೆಯ ನಿಯಮವನ್ನು ಅವರು ಹಿಡಿದರು. ಬೇಸ್‌ಬಾಲ್ ತಂಡದ ಮ್ಯಾನೇಜರ್ ಒಬ್ಬ ಒಳ್ಳೆ ಕ್ಯಾಚರ್, ಚುರುಕಾದ ಶಾರ್ಟ್‌ಸ್ಟಾಪ್, ಅಥವಾ ಕಳೆದ ವರ್ಷ ಗೆದ್ದ ಕಾನ್ಸಾಸ್ ಸಿಟಿ ತಂಡದ ಪಿಚರ್ ಬೇಕು ಅಂದರೆ, ಮೂವರನ್ನೂ ಅದೇ ತಂಡದಲ್ಲಿ ಹುಡುಕುತ್ತಾರಾ ಅಂತ ಅವರ ಉದಾಹರಣೆ. (ಕ್ಯಾಚರ್, ಶಾರ್ಟ್‌ಸ್ಟಾಪ್, ಪಿಚರ್ ಅಂದರೆ ಬೇಸ್‌ಬಾಲ್ ಆಟಗಾರರ ಸ್ಥಾನಗಳು. ಇಂಗ್ಲಿಷ್‌ನಲ್ಲಿ ತಂಡದ ಮಾತು ಪಿಚರ್ ಆದ ಮೇಲೆ, ಕೊನೆಗೆ ಬರುತ್ತದೆ.) ಬರೀ ವ್ಯಾಕರಣದ ಮೇಲೇ ತೀರ್ಪು ಕೊಟ್ಟರು ಅಂತಲ್ಲ. ಅಮೆರಿಕದ ಅದೇ ಕಾನೂನು ಸಂಹಿತೆಯ ಇನ್ನೊಂದು ಅಧ್ಯಾಯದಲ್ಲಿ ಇದೇ ಮೂರು ಬಗೆಯ ಅಪರಾಧಗಳು ಬೇರೆ ಬೇರೆ ಶೀರ್ಷಿಕೆಯಲ್ಲಿವೆ. ಅಲ್ಲೂ ಮೈನರ್ ಅನ್ನುವ ಮಾತು ಇರುವುದು ಮೂರನೆಯದರಲ್ಲಿ ಮಾತ್ರ.

ಇದನ್ನು ಒಪ್ಪದ ನ್ಯಾಯಮೂರ್ತಿ ಎಲೆನಾ ಕೇಗನ್ ಇನ್ನೊಂದು ಉದಾಹರಣೆ ಕೊಟ್ಟರು. ಹೊಸ ಸಿನಿಮಾ ಒಂದರಲ್ಲಿ ಕೆಲಸ ಮಾಡಿದ ನಟ, ನಿರ್ದೇಶಕ ಅಥವಾ ನಿರ್ಮಾಪಕರನ್ನು ನೋಡಬೇಕು ಅಂತ ಗೆಳತಿಯೊಬ್ಬಳು ಹೇಳುತ್ತಾಳೆ. ಇಂಗ್ಲಿಷ್‌ನಲ್ಲಿ ಸಿನಿಮಾದ ಮಾತು ಕೊನೆಗೆ ಬರುತ್ತದೆ: ಆ್ಯನ್ ಆ್ಯಕ್ಟರ್, ಡೈರೆಕ್ಟರ್, ಆರ್ ಪ್ರೊಡ್ಯೂಸರ್ ಇನ್ವಾಲ್ವ್ಡ್ ವಿತ್... ಹೀಗೆ. ಬೇರೆ ಯಾವುದೋ ಸಿನಿಮಾದ ನಟನನ್ನು ಕರೆತಂದರೆ ಅವಳಿಗೆ ಖುಷಿಯಾಗುತ್ತದಾ?

ಎರಡು ಉದಾಹರಣೆಯೂ ಸರಿಯೇ. ಕೇಗನ್ ಕೊಟ್ಟ ಪಟ್ಟಿಯಲ್ಲಿರುವವರು ಒಂದೇ ಬಗೆಯವರು, ಪದಗಳೂ ಗಿಡ್ಡ. ಹಾಗಾಗಿ ಬಾಲ, ಅಂದರೆ ಕೊನೆಗೆ ಬರುವ ವಿಶೇಷಣದ ತುಂಡು, ಎಲ್ಲರಿಗೂ ಸೇರಿದಂತೆ ಕೇಳುತ್ತದೆ. ಸೊಟೊಮೇಯರ್ ಪಟ್ಟಿಯಲ್ಲಿ ಕ್ಯಾಚರ್‌ಗೂ ಶಾರ್ಟ್‌ಸ್ಟಾಪ್‌ಗೂ ಆಗಲೇ ಒಂದೊಂದು ವಿಶೇಷಣ ಇದೆ, ಆದ್ದರಿಂದ ಕೊನೆಯ ಬಾಲ ಪಿಚರ್‌ನ ಪಾಲಿಗೆ ಬರುತ್ತದೆ. ಓದುಗರು ಇಂಥ ಸುಳಿವು ಹಿಡಿದೇ ಅರ್ಥ ಮಾಡಿಕೊಳ್ಳುವುದು. ಕಾನೂನಿನ ಆ ಸಾಲನ್ನು ಮಾತ್ರ ನೋಡಿದರೆ ನನಗೆ ಕೇಗನ್ ಓದೇ ಜಾಸ್ತಿ ಸಹಜ ಅನಿಸುತ್ತದೆ. ಮೂರೂ ಒಂದೇ ಕುಟುಂಬದ ಅಪರಾಧಗಳು.

ಐದು ವರ್ಷ ಬಿಟ್ಟು, 2021ರಲ್ಲಿ, ಫೇಸ್‌ಬುಕ್ ಕೇಸು ಬಂತು. 1991ರ ಟೆಲಿಫೋನ್ ಕಾನೂನಿನಲ್ಲಿ ತಾನಾಗಿಯೇ ನಂಬರು ಡಯಲ್ ಮಾಡುವ ಒಂದು ಯಂತ್ರದ ವಿವರಣೆ ಇದೆ: ನಂಬರುಗಳನ್ನು ‘ಸ್ಟೋರ್ ಆರ್ ಪ್ರೊಡ್ಯೂಸ್’ ಮಾಡುವಂಥದ್ದು, ಆಮೇಲೆ ಒಂದು ಕಾಮಾ, ಆಮೇಲೆ ‘ಯೂಸಿಂಗ್ ಎ ರ‍್ಯಾಂಡಮ್ ಆರ್ ಸೀಕ್ವೆನ್ಶಿಯಲ್ ನಂಬರ್ ಜನರೇಟರ್’. ಇಲ್ಲಿ ಜೋಡಿಸಿರುವುದು ಕ್ರಿಯಾಪದಗಳನ್ನು, ಆದರೆ ಗೊಂದಲ ಅದೇ. ‘ಯೂಸಿಂಗ್’ ಸೇರುವುದು ಪ್ರೊಡ್ಯೂಸ್‌ಗೆ ಮಾತ್ರವೋ, ಸ್ಟೋರ್‌ಗೂ ಸೇರುತ್ತದೋ? ಈ ಸಲ ಎರಡಕ್ಕೂ ಸೇರುತ್ತದೆ ಅಂತ ಒಂಬತ್ತೂ ನ್ಯಾಯಮೂರ್ತಿಗಳು ಫೇಸ್‌ಬುಕ್ ಪರ ತೀರ್ಪು ಕೊಟ್ಟರು. ಬರೆದವರು ಅದೇ ಸೊಟೊಮೇಯರ್. ಒಂದು ಕಾರಣ ಆ ಕಾಮಾ. ಬಾಲಕ್ಕಿಂತ ಮೊದಲು ಕಾಮಾ ಇದ್ದರೆ ಅದು ಹಿಂದಿನ ಎಲ್ಲದಕ್ಕೂ ಸೇರಿದ್ದು ಅಂತ ಓದುವುದು ರೂಢಿ.

ಸರಿ, ನಾವು ಬರೆಯುವಾಗ ಏನು ಮಾಡಬೇಕು? ಏಕವಚನದ ನಾಮಪದಗಳಿದ್ದರೆ ‘ಹೂ ಈಸ್’, ‘ಹೂ ಆರ್’ ಸಾಕು. ಜಾಹೀರಾತಿನಲ್ಲಿ ಅದು ನಡೆಯುವುದಿಲ್ಲ. ಗ್ರಾಜುಯೇಟ್ಸ್ ಕೂಡ ಬಹುವಚನ, ಹೋಲ್ಡರ್ಸ್ ಕೂಡ ಬಹುವಚನ, ‘ಹೂ ಹ್ಯಾವ್’ ಅಂದರೂ ಗೊಂದಲ ಹಾಗೇ ಉಳಿಯುತ್ತದೆ. ಅನುಭವ ಇಬ್ಬರಿಗೂ ಬೇಕಿದ್ದರೆ ಅದಕ್ಕೇ ಬೇರೆ ವಾಕ್ಯ ಬರೆಯಿರಿ: ಟೂ ಇಯರ್ಸ್ ಎಕ್ಸ್‌ಪೀರಿಯನ್ಸ್ ಈಸ್ ರಿಕ್ವೈರ್ಡ್ ಇನ್ ಬೋತ್ ಕೇಸಸ್. ಡಿಪ್ಲೊಮಾದವರಿಗೆ ಮಾತ್ರ ಅಂತಿದ್ದರೆ ಸಾಲನ್ನು ತಿರುಗಿಸಿ, ಅವರನ್ನು ಅನುಭವದ ಸಮೇತ ಮೊದಲು ಹಾಕಿ, ಕಾಮಾ ಕೊಟ್ಟು, ಆಮೇಲೆ ‘ಆರ್ ಗ್ರಾಜುಯೇಟ್ಸ್’ ಅನ್ನಿ. ಈ ತಿರುಗಿಸುವಿಕೆ ಎಲ್ಲ ಕಡೆ ಕೈಹಿಡಿಯುವುದಿಲ್ಲ. ‘ಎ ಗರ್ಲ್ ಹೋಲ್ಡಿಂಗ್ ಆ್ಯನ್ ಅಂಬ್ರೆಲಾ ಆ್ಯಂಡ್ ಎ ಬಾಯ್’ ಅಂದರೆ, ಅವಳು ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಹುಡುಗನನ್ನು ಹಿಡಿದಿದ್ದಾಳೆ ಅಂತಲೂ ಓದಬಹುದು.

ಇನ್ನು ಕನ್ನಡಕ್ಕೆ ಬರೋಣ, ಯಾಕಂದರೆ ನಮ್ಮಲ್ಲಿ ಇದೇ ಗೊಂದಲ ತಿರುಗುಮುರುಗಾಗಿದೆ. ನಮ್ಮ ಕೃದಂತ, ಅಂದರೆ ಕನ್ನಡದ ಪಾರ್ಟಿಸಿಪಲ್, ನಾಮಪದಕ್ಕಿಂತ ಮೊದಲೇ ಬರುತ್ತದೆ.

[ಪರದೆ: ಕೊಡೆ ಹಿಡಿದ ಹುಡುಗ ಮತ್ತು ಹುಡುಗಿ]

ಈಗ ಹುಡುಗನ ಕೈ ಕೊಡೆಯ ಮೇಲಿರುವುದು ಖಚಿತ, ಅನುಮಾನ ಹುಡುಗಿಯ ಬಗ್ಗೆ. ಇಂಗ್ಲಿಷ್‌ನಲ್ಲಿ ಕೊನೆಯವರು ಗಟ್ಟಿ, ಕನ್ನಡದಲ್ಲಿ ಮೊದಲಿನವರು ಗಟ್ಟಿ. ನಮ್ಮ ‘ಹಿಡಿದ’ಕ್ಕೂ ವಚನ ಇಲ್ಲ, ಲಿಂಗವೂ ಇಲ್ಲ.

ಸುತ್ತೋಲೆಗಳನ್ನು ಇಂಗ್ಲಿಷ್‌ನಿಂದ ಕನ್ನಡಕ್ಕೆ ತರುವವರು ಇದನ್ನು ದಯವಿಟ್ಟು ಗಮನಿಸಬೇಕು. ‘ಸ್ಟೂಡೆಂಟ್ಸ್ ಆ್ಯಂಡ್ ಟೀಚರ್ಸ್ ಲಿವಿಂಗ್ ಇನ್ ದ ಹಾಸ್ಟೆಲ್’ ಅನ್ನುವುದನ್ನು ‘ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗಳು ಮತ್ತು ಶಿಕ್ಷಕರು’ ಅಂತ ಮಾಡಿದರೆ ನೋಡಲು ಏನೂ ತಪ್ಪಿಲ್ಲ. ಆದರೆ ಇಂಗ್ಲಿಷ್ ಸಾಲಿನಲ್ಲಿ ಹಾಸ್ಟೆಲಿನವರು ಅಂತ ಖಚಿತವಾಗಿದ್ದವರು ಶಿಕ್ಷಕರು, ಕನ್ನಡದಲ್ಲಿ ಖಚಿತವಾದವರು ವಿದ್ಯಾರ್ಥಿಗಳು. ಹೊರಗಿನಿಂದ ಬಂದು ಹೋಗುವ ವಿದ್ಯಾರ್ಥಿಗೂ ಆ ಸುತ್ತೋಲೆ ಅನ್ವಯಿಸಬಹುದಿತ್ತು, ಕನ್ನಡದಲ್ಲಿ ಅವನು ಹೊರಗುಳಿದ. ಅನುವಾದ ಮಾಡುವ ಮೊದಲು ಯಾರನ್ನು ಉದ್ದೇಶಿಸಿದ್ದು ಅಂತ ಕೇಳಿ ತಿಳಿದುಕೊಳ್ಳಿ. ಹಾಸ್ಟೆಲ್ ಮಾತು ಶಿಕ್ಷಕರಿಗೆ ಮಾತ್ರ ಆದರೆ ‘ವಿದ್ಯಾರ್ಥಿಗಳು ಮತ್ತು ಹಾಸ್ಟೆಲಿನಲ್ಲಿರುವ ಶಿಕ್ಷಕರು’ ಅನ್ನಿ. ಇಬ್ಬರಿಗೂ ಆದರೆ ‘ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗಳು ಮತ್ತು ಅಲ್ಲೇ ಇರುವ ಶಿಕ್ಷಕರು’ ಅನ್ನಿ. ಎರಡು ಪದ ಜಾಸ್ತಿಯಾಗುತ್ತದೆ, ಆಗಲಿ.